ಎಲ್ಲಿಯ ಲೋಕಲ್?

ಇವತ್ತಿನ ಮಾತಿಗೆ ಆರಿಸಿಕೊಂಡಿರುವುದು ಒಂದು ಸಣ್ಣ ಇಂಗ್ಲಿಷ್ ವಿಶೇಷಣ. ನಾವೆಲ್ಲ ದಿನಕ್ಕೆ ಹತ್ತಾರು ಸಲ ಆಡುವ, ಆದರೆ ಒಮ್ಮೆಯೂ ನಿಂತು ವಿಚಾರಿಸದ ಮಾತು ಅದು: ಲೋಕಲ್. ಮುಂಬಯಿಯ ದಹಿಸರಿನಲ್ಲಿರುವ ಕನ್ನಡಿಗರು ‘ಲೋಕಲ್ ತಪ್ಪಿತು’ ಎಂದರೆ ರೈಲು ತಪ್ಪಿತು ಎಂದರ್ಥ. ದಾವಣಗೆರೆಯ ಅಂಗಡಿಯವರು ‘ಇದು ಲೋಕಲ್ ಮಾಲು ಸಾರ್, ಗ್ಯಾರಂಟಿ ಇಲ್ಲ’ ಎಂದರೆ ಕಳಪೆ ಎಂದರ್ಥ. ಬೆಂಗಳೂರಿನ ಬೀದಿಜಗಳದಲ್ಲಿ ‘ನಾನು ಲೋಕಲ್, ಗೊತ್ತಾ?’ ಎಂದರೆ ಅದು ಬೆದರಿಕೆ. ಹಲ್ಲು ಕೀಳಿಸಿಕೊಳ್ಳಲು ಹೊರಟವರಿಗೆ ‘ಹೆದರಬೇಡಿ, ಲೋಕಲ್ ಕೊಡ್ತಾರೆ’ ಎಂದರೆ ಅದು ಅರಿವಳಿಕೆಯ ಸೂಜಿ. ಒಂದೇ ಪದ ಒಂದು ಕಡೆ ವಾಹನ, ಇನ್ನೊಂದು ಕಡೆ ಬೈಗುಳ, ಮತ್ತೊಂದು ಕಡೆ ಜಂಬ, ಮಗದೊಂದು ಕಡೆ ಔಷಧ. ಪದ ಎರವಲು ಬಂದ ಮೇಲೆ ಅರ್ಥ ಚೆಲ್ಲಾಪಿಲ್ಲಿಯಾಗುವುದು ಸಹಜ, ಅದರಲ್ಲಿ ವಿಚಾರ ಮಾಡುವುದೇನಿದೆ ಎಂದು ಕೆಲವರು ಅನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಈ ನಾಲ್ಕು ಬಳಕೆಗಳಿಗೂ ಬೇರು ಒಂದೇ. ಲೋಕಲ್ ಎನ್ನುವುದು ಯಾವ ವಸ್ತುವಿನ ಗುಣವನ್ನೂ ಹೇಳುವುದಿಲ್ಲ, ಒಂದು ಅಳತೆಯನ್ನು ಮಾತ್ರ ಹೇಳುತ್ತದೆ. ಎಲ್ಲಿ ನಿಂತು ಅಳೆದಿರಿ, ಯಾವುದರ ಎದುರಿಗಿಟ್ಟು ಅಳೆದಿರಿ ಎಂಬುದನ್ನು ಬಾಯಿಬಿಟ್ಟು ಹೇಳದೆ ಹೋದಾಗಲೇ ತಿರಸ್ಕಾರವೂ ಹಕ್ಕಿನ ಕೂಗೂ ಅದರೊಳಗೆ ನುಸುಳುವುದು.

ಮೊದಲು ಪದದ ಹುಟ್ಟನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಲೋಕುಸ್’ ಎಂದರೆ ಜಾಗ, ಎಡೆ. ಅದರಿಂದ ‘ಲೋಕಾಲಿಸ್’, ಎಂದರೆ ಜಾಗಕ್ಕೆ ಸಂಬಂಧಪಟ್ಟದ್ದು. ಹಳೆಯ ಫ್ರೆಂಚಿನ ಮೂಲಕ ಈ ಮಾತು 14ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಬಂದಾಗ ಅದನ್ನು ಹೆಚ್ಚಾಗಿ ಬಳಸಿದವರು ಊರಿನ ಜನರೂ ಅಲ್ಲ, ವ್ಯಾಪಾರಿಗಳೂ ಅಲ್ಲ, ವೈದ್ಯರು. ಮೈಯೆಲ್ಲ ವ್ಯಾಪಿಸದೆ ಒಂದು ಅಂಗದಲ್ಲಿ ಮಾತ್ರ ನೆಲೆನಿಂತ ಬೇನೆಯನ್ನು ಅವರು ಲೋಕಲ್ ಎಂದು ಕರೆದರು. ಅಂದರೆ ನಮ್ಮ ದಂತವೈದ್ಯರ ಬಳಿ ಕೇಳಿಬರುವ ‘ಲೋಕಲ್’ ಈ ಪದದ ತೀರ ಹಳೆಯ ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರವಾದದ್ದು. ಒಂದು ಸೀಮಿತ ಊರಿಗೆ, ಪ್ರದೇಶಕ್ಕೆ ಸೇರಿದ್ದು ಎಂಬ ಅರ್ಥ ಗಟ್ಟಿಯಾದದ್ದು ಮುಂದೆ, 1500ರ ಸುಮಾರಿಗೆ. ಒಂದು ಊರಿನ ನಿವಾಸಿಯನ್ನು ‘ಎ ಲೋಕಲ್’ ಎನ್ನುವುದು 19ನೆಯ ಶತಮಾನದ ರೂಢಿ. ಇಂಗ್ಲೆಂಡಿನಲ್ಲಿ ಮನೆಯ ಹತ್ತಿರದ ಹೆಂಡದಂಗಡಿಯನ್ನು ‘ಲೋಕಲ್’ ಎನ್ನುವುದು ಇನ್ನೂ ಈಚಿನದು. ಇಷ್ಟೂ ಹಂತಗಳಲ್ಲಿ ಗಮನಿಸಬೇಕಾದದ್ದು ಒಂದೇ: ಪ್ರತಿ ಸಲವೂ ಎದುರುಗಡೆ ಇನ್ನೊಂದು ದೊಡ್ಡದು ನಿಂತಿರುತ್ತದೆ. ಇಡೀ ದೇಹದ ಎದುರು ಒಂದು ಅಂಗ, ರಾಜ್ಯದ ಎದುರು ಒಂದು ಊರು, ದೂರದೂರಿನ ರೈಲಿನ ಎದುರು ಹತ್ತಿರದೂರಿನ ರೈಲು. ಆ ದೊಡ್ಡದನ್ನು ತೆಗೆದುಹಾಕಿದರೆ ಲೋಕಲ್ ಎಂಬ ಮಾತಿಗೆ ನಿಲ್ಲಲು ನೆಲವೇ ಇಲ್ಲ.

ಇಲ್ಲಿ ಕನ್ನಡಿಗರಿಗೆ ಸುಲಭವಾಗಿ ಆಗುವ ಒಂದು ಭ್ರಮೆಯನ್ನು ಪಕ್ಕಕ್ಕೆ ಸರಿಸಬೇಕು. ‘ಲೋಕ’ದಿಂದಲೇ ‘ಲೋಕಲ್’ ಬಂದಿರಬೇಕು, ಸಂಸ್ಕೃತದ್ದೇ ಇಂಗ್ಲಿಷಿಗೆ ಹೋದದ್ದು ಎಂದು ಹೇಳುವವರಿದ್ದಾರೆ. ಕಿವಿಗೆ ಹಿತವಾಗಿ ಕೇಳುವ ಮಾತು, ಆದರೆ ನಿಜವಲ್ಲ. ಲೋಕ ಎಂಬುದು ಬೆಳಕು, ಕಾಣುವಿಕೆ, ಕಣ್ಣಿಗೆ ತೆರೆದುಕೊಂಡ ಬಯಲು ಎಂಬ ಅರ್ಥದ ಬಳಗಕ್ಕೆ ಸೇರಿದ ಪದ. ಲೋಚನ, ಅವಲೋಕನ, ಆಲೋಕ ಇವೆಲ್ಲ ಅದರ ಒಡಹುಟ್ಟುಗಳು. ಇಂಗ್ಲಿಷಿನಲ್ಲಿ ಅದರ ನೆಂಟನನ್ನು ಹುಡುಕುವುದಾದರೆ ಬೆಳಕೆಂಬ ಅರ್ಥದ ‘ಲೈಟ್’ ಸಿಗುತ್ತದೆಯೇ ಹೊರತು ಲೋಕಲ್ ಸಿಗುವುದಿಲ್ಲ. ಲೋಕಲ್ಲಿನ ನಿಜವಾದ ನೆಂಟರು ಬೇರೆಯೇ ಇದ್ದಾರೆ. ಸೈನ್ಯದ ‘ಲೆಫ್ಟಿನೆಂಟ್’ ಅವರಲ್ಲೊಬ್ಬ, ಮೇಲಧಿಕಾರಿಯ ಜಾಗದಲ್ಲಿ ನಿಂತು ನಡೆಸುವವನು ಎಂಬುದು ಆ ಪದದ ಅರ್ಥ. ಇನ್ನೊಬ್ಬ ‘ಲೋಕೋಮೋಟಿವ್’. ಜಾಗ ಬಿಟ್ಟು ಚಲಿಸುವಂಥದ್ದು ಎಂದು ಅದರ ಅರ್ಥ. ರೈಲ್ವೆ ನೌಕರರ ಬಾಯಲ್ಲಿ ಅದು ‘ಲೋಕೋ’ ಆಗಿ ‘ಲೋಕೋ ಶೆಡ್’, ‘ಲೋಕೋ ಪೈಲಟ್’ ಎಂದು ದಿನವೂ ಓಡಾಡುತ್ತಿದೆ. ಜಾಗದಲ್ಲೇ ಇರುವುದನ್ನು ಹೇಳುವ ಪದವೂ ಜಾಗ ಬಿಟ್ಟು ಓಡುವುದನ್ನು ಹೇಳುವ ಪದವೂ ಒಂದೇ ತಾಯಿಯ ಮಕ್ಕಳು. ಹೀಗಿರುವಾಗ, ಮೂಲದಲ್ಲಿ ‘ಜಾಗ’ ಎಂದಿದೆ, ಆದ್ದರಿಂದ ಲೋಕಲ್ ಎಂದರೆ ನೆಲಕ್ಕೆ ಕಚ್ಚಿಕೊಂಡವನೇ ಆಗಬೇಕು ಎಂಬ ವಾದ ನಿಲ್ಲುವುದಿಲ್ಲ. ಮೂಲವನ್ನು ಹಿಡಿದು ಅರ್ಥವನ್ನು ಕಟ್ಟಿಹಾಕಲು ಹೊರಟರೆ ‘ನೈಸ್’ ಎಂದು ಹೊಗಳಿಸಿಕೊಂಡವರೆಲ್ಲ ಸಿಟ್ಟಾಗಬೇಕಾಗುತ್ತದೆ. ಅದರ ಲ್ಯಾಟಿನ್ ಮೂಲದ ಅರ್ಥ ‘ಏನೂ ಅರಿಯದವನು’.

ಇನ್ನು ಮುಂಬಯಿಯ ಲೋಕಲ್ಲಿಗೆ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿತು. ಪಶ್ಚಿಮದ ದಾರಿಯಲ್ಲಿ 1867ರ ಏಪ್ರಿಲ್‌ನಲ್ಲಿ ವಿರಾರ್‌ನಿಂದ ಮುಂಬಯಿಯ ಬ್ಯಾಕ್‌ಬೇ ತನಕ ದಿನನಿತ್ಯದ ಗಾಡಿ ಶುರುವಾಯಿತು. 1928ರಲ್ಲಿ ಈ ದಾರಿಗೆ ವಿದ್ಯುತ್ತು ಬಂದಾಗ ಅದು ಬೋರಿವಿಲಿಗೆ ಬಂದು ನಿಂತಿತು. ಮುಂದಿನ ನಿಲ್ದಾಣವಾದ ದಹಿಸರ್ ಅದನ್ನು ಕಾಣಬೇಕಾದರೆ 1936 ಬರಬೇಕಾಯಿತು. ಇಲಾಖೆಯ ಕಾಗದದಲ್ಲಿ ಈ ಗಾಡಿಗಳ ಹೆಸರು ಉಪನಗರ ಸೇವೆ. ಜನರ ಬಾಯಲ್ಲಿ ಮಾತ್ರ ಲೋಕಲ್. ಮರಾಠಿಯಲ್ಲಿ ಅದು ಹೆಣ್ಣಾಯಿತು, ‘ಲೋಕಲ್ ಆಲೀ’ ಎನ್ನುತ್ತಾರೆ. ಕನ್ನಡದಲ್ಲಿ ನಪುಂಸಕವಾಗಿ ‘ಲೋಕಲ್ ಬಂತು’ ಆಯಿತು. ಕನ್ನಡಿಗರ ಬಾಯಿ ಅದಕ್ಕೆ ಒಂದು ಉಕಾರವನ್ನೂ ಒಂದು ಒತ್ತನ್ನೂ ಕೊಟ್ಟು ‘ಲೋಕಲ್ಲು, ಲೋಕಲ್ಲಿಗೆ, ಲೋಕಲ್ಲಿನಲ್ಲಿ’ ಎಂದು ಕಲ್ಲು, ಬಿಲ್ಲು, ಹೋಟೆಲ್ಲುಗಳ ಸಾಲಿಗೆ ಸೇರಿಸಿಬಿಟ್ಟಿತು. ದಹಿಸರಿನ ಪ್ಲಾಟ್‌ಫಾರ್ಮಿನಲ್ಲಿ ತಲೆಯ ಮೇಲಿನ ಇಂಡಿಕೇಟರನ್ನು ನೋಡಿದರೆ, ಗಾಡಿ ಎಲ್ಲಿಗೆ ಹೋಗುತ್ತದೆ, ಎಷ್ಟು ಡಬ್ಬಿ, ಫಾಸ್ಟೋ ಸ್ಲೋವೋ ಎಂಬ ಮೂರು ವಿವರ ಸಿಗುತ್ತವೆ. ಲೋಕಲ್ ಎಂದು ಬರೆದಿರುವುದಿಲ್ಲ. ಅಷ್ಟು ಗೊತ್ತಿರುವ ವಿಷಯವನ್ನು ಯಾರೂ ಬರೆಯುವುದಿಲ್ಲ.

ಈ ಲೋಕಲ್ಲಿನ ಲೋಕಲ್‌ತನ ಎಷ್ಟು ದೂರದ್ದು? ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರು. 2013ರಿಂದ ಪಶ್ಚಿಮ ರೈಲ್ವೆಯ ಲೋಕಲ್ ದಹಾನೂವರೆಗೆ ಹೋಗುತ್ತಿದೆ, ಅದು ಚರ್ಚ್‌ಗೇಟಿನಿಂದ 120 ಕಿಲೋಮೀಟರಿಗೂ ಆಚೆ, ಗುಜರಾತಿನ ಗಡಿಯ ಹತ್ತಿರ. ಕರ್ನಾಟಕದಲ್ಲಿ ಬೆಂಗಳೂರು ಮೈಸೂರು ನಡುವಿನ ದೂರ ಇದಕ್ಕಿಂತ ತುಸುವೇ ಹೆಚ್ಚು. ಮೈಸೂರಿನವರನ್ನು ಬೆಂಗಳೂರಿನಲ್ಲಿ ಯಾರೂ ಲೋಕಲ್ ಎನ್ನುವುದಿಲ್ಲ, ದಹಾನೂ ಗಾಡಿಯನ್ನು ಮುಂಬಯಿಯಲ್ಲಿ ಎಲ್ಲರೂ ಲೋಕಲ್ ಎನ್ನುತ್ತಾರೆ. ಹಾಗಾದರೆ ಲೋಕಲ್ ಎಂಬುದನ್ನು ಕಿಲೋಮೀಟರು ತೀರ್ಮಾನಿಸುತ್ತಿಲ್ಲ ಎಂದಾಯಿತು. ತೀರ್ಮಾನಿಸುವುದು ಪಕ್ಕದ ಹಳಿಯ ಮೇಲೆ ಓಡುವ ದಿಲ್ಲಿ, ಅಹಮದಾಬಾದುಗಳ ಮೇಲ್ ಮತ್ತು ಎಕ್ಸ್‌ಪ್ರೆಸ್ಸುಗಳು. ಅವುಗಳ ಎದುರಿಗಿಟ್ಟಾಗ ಇದು ಲೋಕಲ್. ಅವೇ ಇಲ್ಲದಿದ್ದರೆ ಇದು ಬರೀ ರೈಲು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ‘ಲೋಕಲ್ ಟ್ರೈನ್’ ಎಂಬುದರ ಬಾಲ ಕತ್ತರಿಸಿ ಲೋಕಲ್ ಎಂದದ್ದು ಅಷ್ಟೇ, ಇದು ಬಾಯಿಸೋಮಾರಿತನ, ಇದರಲ್ಲಿ ಅರ್ಥವಿಚಾರ ಏಕೆ ಎಂದು. ಬಾಲ ಕತ್ತರಿಸಿದ್ದು ನಿಜ. ಆದರೆ ಕನ್ನಡದ ಜಾಯಮಾನದಲ್ಲಿ ವಿಶೇಷಣದ ಬಾಲ ಹಾಗೆ ಸುಮ್ಮನೆ ಬೀಳುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ‘ದೊಡ್ಡ ಮನೆ’ಯಿಂದ ಮನೆಯನ್ನು ಬಿಟ್ಟರೆ ‘ದೊಡ್ಡ’ ಎಂದು ನಿಲ್ಲಿಸುವಂತಿಲ್ಲ, ‘ದೊಡ್ಡದು’ ಎನ್ನಬೇಕು. ‘ಒಳ್ಳೆಯ ಮನುಷ್ಯ’ನಲ್ಲಿ ಮನುಷ್ಯ ಹೋದರೆ ‘ಒಳ್ಳೆಯವನು’ ಆಗಬೇಕು. ಬಿಟ್ಟುಹೋದ ನಾಮಪದದ ಗುರುತನ್ನು ‘ದು’, ‘ವನು’, ‘ವಳು’ ಎಂಬ ಪ್ರತ್ಯಯದಲ್ಲಿ ಕನ್ನಡ ಉಳಿಸಿಕೊಳ್ಳುತ್ತದೆ. ಬಿಟ್ಟದ್ದು ವಸ್ತುವೋ ಗಂಡೋ ಹೆಣ್ಣೋ ಎಂದು ಕೇಳುವವನಿಗೆ ತಿಳಿಯುತ್ತದೆ. ಎರವಲು ಬಂದ ವಿಶೇಷಣಗಳಿಗೆ ಈ ಕಟ್ಟುಪಾಡಿಲ್ಲ. ಮೊಬೈಲ್, ಜನರಲ್, ಪರ್ಮನೆಂಟ್ ಇವೆಲ್ಲ ಬರಿಮೈಯಲ್ಲಿ ಬಂದು ನಾಮಪದದ ಕುರ್ಚಿಯ ಮೇಲೆ ಕೂತಿವೆ. ಉಡುಪಿ ಹೋಟೆಲಿನ ಮಾಣಿ ‘ಎರಡು ಸ್ಪೆಷಲ್’ ಎಂದು ಒಳಗೆ ಕೂಗಿದರೆ ಚಹಾ ಎಂಬ ಮಾತೇ ಬೇಡ. ಚಹಾ, ರೈಲುಗಳ ವಿಷಯದಲ್ಲಿ ಇದರಿಂದ ತೊಂದರೆಯಿಲ್ಲ, ಬಿಟ್ಟದ್ದು ಏನೆಂದು ಎಲ್ಲರಿಗೂ ಗೊತ್ತು. ತೊಂದರೆ ಬರುವುದು ‘ಲೋಕಲ್’ ಎಂದಷ್ಟೇ ಹೇಳಿ, ಎಲ್ಲಿಯ ಲೋಕಲ್, ಯಾವುದರ ಎದುರು ಲೋಕಲ್ ಎಂಬ ಎರಡು ಮಾತನ್ನೂ ನುಂಗಿಬಿಟ್ಟಾಗ.

ಬೈಗುಳದ ಲೋಕಲ್ ಹೀಗೆ ನುಂಗಿದ್ದರ ಫಲ. ಇಂಗ್ಲೆಂಡಿನ ಇಂಗ್ಲಿಷಿನಲ್ಲಿ ಲೋಕಲ್ ಎಂದರೆ ಕಳಪೆ ಎಂಬ ಅರ್ಥವಿಲ್ಲ. ಅಲ್ಲಿಯ ಅಂಗಡಿಯಲ್ಲಿ ‘ಲೋಕಲ್ ತರಕಾರಿ’ ಎಂದು ಬರೆದಿದ್ದರೆ ಅದು ಹೆಚ್ಚು ಬೆಲೆ ಕೇಳಲು ಹಾಕಿದ ಪೀಠಿಕೆ. ನಮ್ಮಲ್ಲಿ ಅದು ಇಳಿಮುಖವಾದದ್ದು ನಮ್ಮದೇ ಇತಿಹಾಸದಿಂದ. ವಸಾಹತು ಕಾಲದ ಇಂಗ್ಲಿಷ್ ಈ ನೆಲದ ಮದ್ಯವನ್ನು, ಬಂದೂಕನ್ನು, ಹೆಂಚನ್ನು ‘ಕಂಟ್ರಿ’ ಎಂದು ಕರೆದು ಸೀಮೆಯ ಸರಕಿಗಿಂತ ಕೆಳಗಿಟ್ಟಿತು. ನಾಡ ಬಂದೂಕು, ಕಂಟ್ರಿ ಸಾರಾಯಿ ಎಂಬ ಮಾತುಗಳು ಇಂದಿಗೂ ಪೊಲೀಸರ ಪಂಚನಾಮೆಯಲ್ಲಿ ಉಳಿದಿವೆ. ಸ್ವಾತಂತ್ರ್ಯ ಬಂದ ಮೇಲೂ ಆಮದಿಗೆ ಬಿಗಿ ಕಟ್ಟು ಇದ್ದ ಕಾಲದಲ್ಲಿ, ಅಪರೂಪಕ್ಕೆ ಕೈಗೆ ಸಿಗುತ್ತಿದ್ದ ‘ಫಾರಿನ್’ ಗಡಿಯಾರ, ‘ಫಾರಿನ್’ ಸೀರೆಯ ಎದುರು ಇಲ್ಲಿಯದೆಲ್ಲ ‘ಲೋಕಲ್’ ಆಯಿತು. ಆಗ ಹೋಲಿಕೆ ನಿಜವಾಗಿಯೂ ಇತ್ತು, ಲೋಕಲ್ ಎಂದರೆ ಫಾರಿನ್ ಅಲ್ಲದ್ದು. ಆಮದು ಸಲೀಸಾಗಿ ಫಾರಿನ್ನಿನ ಬೆರಗು ಇಳಿಯಿತು, ಎದುರುಪಕ್ಷ ಕಳಚಿಬಿತ್ತು, ಬೈಗುಳ ಮಾತ್ರ ಅನಾಥವಾಗಿ ಉಳಿಯಿತು. ಈಗ ‘ಅವನು ತುಂಬಾ ಲೋಕಲ್’ ಎನ್ನುವವರನ್ನು, ಯಾವ ಊರಿನ ಲೋಕಲ್ ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ.

ಹಾಗಂತ ಹತ್ತಿರದ್ದೆಲ್ಲ ಕೀಳು ಎಂದು ಅದೇ ಜನ ನಂಬಿದ್ದಾರೆಯೇ ಎಂದರೆ ಅದೂ ಇಲ್ಲ. ಮುಂಬಯಿಯ ತರಕಾರಿ ಬಜಾರಿನಲ್ಲಿ ‘ಗಾವಠಿ’ ಎಂಬ ಮರಾಠಿ ಮಾತಿದೆ. ಗಾವಠಿ ಕೊತ್ತಂಬರಿ ಎಂದರೆ ಎಲೆ ಸಣ್ಣದು, ದಂಟು ತೆಳು, ಘಮ ಜೋರು, ಬೆಲೆಯೂ ಜೋರು. ಗಾವಠಿ ಮೊಟ್ಟೆ ಫಾರಂ ಮೊಟ್ಟೆಗಿಂತ ಚಿಕ್ಕದು, ದುಬಾರಿ. ಕನ್ನಡದ ನಾಟಿ ಕೋಳಿ, ಕರಾವಳಿಯ ಊರಿನ ಕೋಳಿ ಇದೇ ಲೆಕ್ಕದವು. ಇಲ್ಲಿ ಎದುರುಪಕ್ಷ ಯಾವುದೆಂದು ಮಾರುವವನಿಗೂ ಕೊಳ್ಳುವವನಿಗೂ ಗೊತ್ತು: ಫಾರಂ. ಆದ್ದರಿಂದ ‘ಊರಿನದು’ ಎಂಬುದಕ್ಕೆ ಮರ್ಯಾದೆ ಬಂತು. ಇದೇ ಮನುಷ್ಯ ಮಿಕ್ಸರ್ ಕೊಳ್ಳುವಾಗ ಲೋಕಲ್ ಬೇಡ ಎನ್ನುತ್ತಾನೆ. ಅವನ ಮಾತಿನಲ್ಲಿ ವಿರೋಧಾಭಾಸವಿಲ್ಲ, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟ ವಸ್ತು ಬದಲಾಗಿದೆ ಅಷ್ಟೇ.

‘ಲೋಕಲ್’ ಇಳಿದ ದಾರಿಗೆ ಎದುರಾಗಿ ಏರಿದ ಇನ್ನೊಂದು ವಿಶೇಷಣವಿದೆ: ನೇಟಿವ್. ಹುಟ್ಟಿಗೆ ಸಂಬಂಧಪಟ್ಟದ್ದು ಎಂಬ ಲ್ಯಾಟಿನ್ ಮೂಲ ಅದರದು. ಬ್ರಿಟಿಷರ ಕಾಲದಲ್ಲಿ ನೇಟಿವ್ ಎಂದರೆ ಆಳಿಸಿಕೊಳ್ಳುವವನು, ಬಿಳಿಯನಲ್ಲದವನು. ಆ ಮಾತಿನ ಅವಮಾನ ಸಣ್ಣದಲ್ಲ. ಅದೇ ಪದ ಇಂದು ಮುಂಬಯಿಯ ಕನ್ನಡಿಗರ ಬಾಯಲ್ಲಿ ಎಷ್ಟು ಮೆತ್ತಗಾಗಿದೆ ನೋಡಿ. ‘ಮೇ ತಿಂಗಳಲ್ಲಿ ನೇಟಿವ್‌ಗೆ ಹೋಗ್ತೇವೆ’ ಎಂದರೆ ಕುಂದಾಪುರಕ್ಕೋ ಕಾರ್ಕಳಕ್ಕೋ ಕುಮಟೆಗೋ ಹೋಗುತ್ತೇವೆ ಎಂದು, ಅಜ್ಜಿಮನೆ, ಹಲಸು, ದೈವದ ಕೋಲ ಎಲ್ಲ ಸೇರಿಸಿ. ಮೂಲ ಬದಲಾಗಲಿಲ್ಲ, ಎದುರಿಗಿಟ್ಟದ್ದು ಬದಲಾಯಿತು. ಮೊದಲು ನೇಟಿವ್‌ನ ಎದುರು ಯುರೋಪಿಯನ್ ಇದ್ದ, ಈಗ ಎದುರಿಗಿರುವುದು ಬಾಡಿಗೆ ಮನೆಯ ಒಂದು ಕೋಣೆ. ದಹಿಸರಿನ ಕನ್ನಡಿಗ ಹೀಗೆ ಎರಡು ವಿಶೇಷಣಗಳ ನಡುವೆ ಇದ್ದಾನೆ. ಅವನ ನೇಟಿವ್ ಅಲ್ಲಿದೆ, ಅವನು ಹತ್ತುವ ಲೋಕಲ್ ಇಲ್ಲಿದೆ. ಅವನು ಎಲ್ಲಿಯ ಲೋಕಲ್ ಎಂಬುದೇ ಇನ್ನು ಉಳಿದ ಪ್ರಶ್ನೆ.

ಈ ಪ್ರಶ್ನೆಗೆ ಸರ್ಕಾರಗಳು ಉತ್ತರ ಕೊಡಲು ಯತ್ನಿಸಿವೆ, ಆ ಉತ್ತರಗಳು ನನ್ನ ವಾದಕ್ಕೆ ಸಾಕ್ಷಿ. ಲೋಕಲ್ ಎಂಬ ಮಾತು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಆಡಳಿತದ ಮಾತಾಗಿ ಹೋದದ್ದೇ ಮುಂಬಯಿಯಿಂದ. 1882ರಲ್ಲಿ ಲಾರ್ಡ್ ರಿಪನ್ನನ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಬಂತು, 1884ರಲ್ಲಿ ಮುಂಬಯಿ ಪ್ರಾಂತದ ಲೋಕಲ್ ಬೋರ್ಡ್ ಕಾಯಿದೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳಲ್ಲಿ ರಸ್ತೆ, ಬಾವಿ, ಶಾಲೆಗಳ ಜೊತೆ ಲೋಕಲ್ ಬೋರ್ಡು ಹಳ್ಳಿಗರ ಮಾತಿನಲ್ಲಿ ನೆಲೆಯಾಯಿತು. ಅಲ್ಲಿ ಲೋಕಲ್ ಎಂದರೆ ಪ್ರಾಂತ ಸರ್ಕಾರದ ಎದುರು ಜಿಲ್ಲೆ, ತಾಲೂಕು ಎಂದು ಕಾಯಿದೆಯೇ ಗೆರೆ ಎಳೆದಿತ್ತು. ಗೆರೆ ಎಳೆದಿದ್ದರಿಂದ ಜಗಳವಿರಲಿಲ್ಲ. ನಮ್ಮ ಸಂವಿಧಾನದ ರಾಜ್ಯಪಟ್ಟಿಯಲ್ಲಿಯೂ, ಒಂದು ‘ಸ್ಥಳೀಯ ಪ್ರದೇಶ’ದೊಳಗೆ ಬರುವ ಸರಕಿನ ಮೇಲೆ ತೆರಿಗೆ ಹಾಕುವ ಅಧಿಕಾರದ ಮಾತು 2016ರ ತಿದ್ದುಪಡಿಯವರೆಗೂ ಇತ್ತು. ಆ ಅಧಿಕಾರದ ಬಲದಿಂದ ದಹಿಸರ್ ಚೆಕ್‌ನಾಕಾದಲ್ಲಿ ಮುಂಬಯಿ ಪಾಲಿಕೆ ಲಾರಿಗಳನ್ನು ನಿಲ್ಲಿಸಿ ಜಕಾತಿ ವಸೂಲು ಮಾಡುತ್ತಿತ್ತು, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದು ನಿಂತಿತು. ಗುಜರಾತಿನಿಂದ ಬಂದ ಬಟ್ಟೆಯ ಗಂಟು ನಾಕಾದಲ್ಲಿ ಸುಂಕ ಕಟ್ಟಿದ ಮರುಗಳಿಗೆಯಲ್ಲಿ ಸ್ಥಳೀಯ ಪ್ರದೇಶದ ಸರಕಾಗುತ್ತಿತ್ತು. ಮನುಷ್ಯರಿಗೆ ಇಷ್ಟು ಸುಲಭದ ದಾರಿಯನ್ನು ಯಾರೂ ಇಟ್ಟಿಲ್ಲ.

ಆ ನಾಕಾ ನಿಂತಿದ್ದ ಗಡಿಯಾದರೂ ಹಳೆಯದೇನಲ್ಲ. 1957ರಲ್ಲಿ ಮುಂಬಯಿ ಪಾಲಿಕೆಯ ಎಲ್ಲೆಯನ್ನು ಪಶ್ಚಿಮದ ದಾರಿಯಲ್ಲಿ ದಹಿಸರಿನವರೆಗೆ, ಮಧ್ಯದ ದಾರಿಯಲ್ಲಿ ಮುಲುಂಡಿನವರೆಗೆ ಚಾಚಿದರು. ಅಲ್ಲಿಯತನಕ ದಹಿಸರ್ ಮುಂಬಯಿಯಾಗಿರಲಿಲ್ಲ. ಗದ್ದೆ, ಬಾವಿ, ಕೆರೆಯಂಚಿನ ಮನೆಗಳಲ್ಲಿ ಇದ್ದವರು ಇದ್ದಲ್ಲೇ ಇದ್ದರು, ಮುಂಬಯಿಯೇ ಅವರ ಮನೆಬಾಗಿಲಿಗೆ ಬಂದು ಅವರನ್ನು ಮುಂಬಯಿಯವರನ್ನಾಗಿ ಮಾಡಿತು. ಒಂದು ನಿಲ್ದಾಣ ಮುಂದಿರುವ ಮೀರಾ ರೋಡ್ ಇಂದಿಗೂ ಠಾಣೆ ಜಿಲ್ಲೆಯದು, ಅದರ ಪಾಲಿಕೆಯೂ ಬೇರೆ. ಎರಡು ನಿಲ್ದಾಣಗಳ ಜನ ಒಂದೇ ಲೋಕಲ್ಲಿನಲ್ಲಿ ಒಂದೇ ಕಂಬಿಗೆ ಕೈಕೊಟ್ಟು ನಿಂತಿರುತ್ತಾರೆ. ಒಬ್ಬರು ಮುಂಬಯಿಗೆ ಲೋಕಲ್, ಇನ್ನೊಬ್ಬರು ಅಲ್ಲ. ಈ ವ್ಯತ್ಯಾಸ ಅವರ ಮೈಯಲ್ಲಿಲ್ಲ, ರಕ್ತದಲ್ಲಿಲ್ಲ, 1957ರ ಒಂದು ಸರ್ಕಾರಿ ಗೆರೆಯಲ್ಲಿದೆ.

ಈಗ ಉದ್ಯೋಗದ ಕಾಯಿದೆಗಳನ್ನು ನೋಡಿ. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯ ಅಭ್ಯರ್ಥಿಗಳಿಗೆ ಕೆಲಸ ಕೊಡುವ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಿತು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಎಂದು ಅದರಲ್ಲಿತ್ತು. ಸ್ಥಳೀಯ ಅಭ್ಯರ್ಥಿ ಎಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲಿಯ ನಿವಾಸಿಯಾಗಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಈ ವ್ಯಾಖ್ಯೆಯನ್ನು ದಹಿಸರಿನಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ ಆಡಿ, ಮುಂಬಯಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕನ್ನಡ ಓದಿದ ಹುಡುಗಿಗೆ ಹಚ್ಚಿ ನೋಡಿ. ಕನ್ನಡವೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲಿ ಅವಳು ನಪಾಸು. ಇನ್ನು ಮುಂಬಯಿಯಲ್ಲಿ? ಮರಾಠಿಯಲ್ಲಿ ಲೋಕಲ್ಲಿಗೆ ‘ಸ್ಥಾನಿಕ’ ಎಂಬ ಮಾತಿದೆ. (ಕರಾವಳಿಯವರ ಕಿವಿಗೆ ಸ್ಥಾನಿಕ ಎಂದರೆ ದೇವಸ್ಥಾನದ ಒಂದು ಹುದ್ದೆ, ಮರಾಠಿ ಪತ್ರಿಕೆಯನ್ನು ಹೊಸದಾಗಿ ಓದುವವರು ಎಡವುವ ಜಾಗ ಇದು.) 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಕೂಗು ಭೂಮಿಪುತ್ರರ ಹಕ್ಕಿನದಾಗಿತ್ತು, ಆ ಮೊದಲ ವರ್ಷಗಳಲ್ಲಿ ಸಿಟ್ಟು ತಿರುಗಿದ್ದು ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳೂ ಅದರೊಳಗೆ ಬಂದವು. ಆ ಕೂಗಿನ ಅಳತೆಗೋಲು ಭಾಷೆ. ಅದರ ಪ್ರಕಾರವೂ ಆ ಹುಡುಗಿ ಲೋಕಲ್ ಅಲ್ಲ. ಆದರೆ ಹುಟ್ಟಿದ ಊರು, ಇದ್ದ ವರ್ಷ ಎಂಬ ಕರ್ನಾಟಕದ ಮಸೂದೆಯ ಅಳತೆಗೋಲನ್ನೇ ಮುಂಬಯಿಗೆ ತಂದರೆ ಅವಳು ಅಪ್ಪಟ ಲೋಕಲ್. ಹುಡುಗಿ ಒಬ್ಬಳೇ. ಅಳತೆಗೋಲು ಬದಲಾದ ಹಾಗೆ ಅವಳ ವಿಶೇಷಣ ಬದಲಾಗುತ್ತಿದೆ.

ಇಲ್ಲಿ ಗಂಭೀರವಾದ ಒಂದು ಪ್ರತಿವಾದವಿದೆ, ಅದನ್ನು ಹಾರಿಸಿಕೊಂಡು ಹೋಗುವುದು ಸರಿಯಲ್ಲ. ‘ಲೋಕಲ್ ಬರೀ ಅಳತೆ ಎಂದು ಹೇಳಿ ನೀವು ಇಲ್ಲಿಯ ಜನರ ನಿಜವಾದ ಸಂಕಟವನ್ನು ಅಳಿಸಿಹಾಕುತ್ತೀರಿ. ಜಮೀನು ಕೊಟ್ಟವರು ಇವರು, ಹೊಗೆ ಕುಡಿದವರು ಇವರು, ಕಾರ್ಖಾನೆಯ ಕೆಲಸ ಬೇರೆಯವರಿಗೆ’ ಎಂದು. ಈ ಸಂಕಟ ನಿಜ. ಆದರೆ ಈ ವಾಕ್ಯವನ್ನೇ ಇನ್ನೊಮ್ಮೆ ಓದಿದರೆ ಅದರಲ್ಲಿ ಲೋಕಲ್ ಎಂಬ ಮಾತಿನ ಅಗತ್ಯವೇ ಇಲ್ಲ ಎಂಬುದು ಕಾಣುತ್ತದೆ. ಜಮೀನು ಕೊಟ್ಟವರು ಎಂಬುದು ನಾಮಪದ, ಹೊಗೆ ಕುಡಿದವರು ಎಂಬುದೂ ನಾಮಪದ. ಯಾರಿಗೆ, ಯಾತಕ್ಕಾಗಿ ಸಲ್ಲಬೇಕು ಎಂಬುದು ಅವುಗಳಲ್ಲಿ ನಿಚ್ಚಳವಾಗಿದೆ. ಅವುಗಳ ಜಾಗದಲ್ಲಿ ಲೋಕಲ್ ಎಂಬ ಒಂಟಿ ವಿಶೇಷಣವನ್ನು ತಂದಿಟ್ಟಾಗಲೇ, ಜಮೀನು ಕೊಡದ ಪಕ್ಕದ ಊರಿನ ಪ್ರಭಾವಿಯೂ ಅದೇ ನೆರಳಿನಲ್ಲಿ ನುಸುಳಿ ಗುತ್ತಿಗೆ ಹೊಡೆಯುವುದು. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಟ್ಟಾಗ, ಯಾವ ಪ್ರದೇಶ, ಹುಟ್ಟಿನಿಂದ ಅಥವಾ ವಾಸದಿಂದ ಅಲ್ಲಿಗೆ ಸೇರಿದವರು ಯಾರು, ಎಷ್ಟು ಪಾಲು ಎಂಬುದನ್ನು ಗೊತ್ತುಪಡಿಸಲು ದಾರಿ ಮಾಡಿತು. ಆ ಪ್ರದೇಶದ ಹಿಂದುಳಿದಿರುವಿಕೆ ಎಂಬ ಕಾರಣ ಎದುರಿಗಿತ್ತು. ಅದು ಬಾಳಿಕೆ ಬಂತು. ಹರಿಯಾಣ ಇಡೀ ರಾಜ್ಯದವರನ್ನು ಸ್ಥಳೀಯರೆಂದು ಕರೆದು ತಿಂಗಳಿಗೆ 30,000 ರೂಪಾಯಿಗಿಂತ ಕಡಿಮೆ ಸಂಬಳದ ಖಾಸಗಿ ಕೆಲಸಗಳಲ್ಲಿ ಶೇ. 75 ಕೊಟ್ಟ ಕಾಯಿದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2023ರ ನವೆಂಬರಿನಲ್ಲಿ ಅಸಾಂವಿಧಾನಿಕ ಎಂದು ತಳ್ಳಿಹಾಕಿತು. ಎರಡರ ಕಾನೂನಿನ ನೆಲೆ ಬೇರೆ ಬೇರೆ ಎಂಬುದು ನಿಜ, ಒಂದಕ್ಕೆ ಸಂವಿಧಾನದ ತಿದ್ದುಪಡಿಯ ಬೆಂಬಲವಿತ್ತು. ಆದರೂ ಕಾರಣವನ್ನೂ ಗೆರೆಯನ್ನೂ ಬಿಡಿಸಿ ಹೇಳಿದ್ದು ಉಳಿಯಿತು, ಇಡೀ ರಾಜ್ಯವನ್ನೇ ಒಂದು ಊರೆಂದು ಹಿಗ್ಗಿಸಿದ್ದು ಬಿದ್ದಿತು.

2020ರಲ್ಲಿ ಈ ಪದದ ಎರಡು ಅರ್ಥಗಳು ಮುಂಬಯಿಯಲ್ಲಿ ಮುಖಾಮುಖಿಯಾದವು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೋವಿಡ್ ಲಾಕ್‌ಡೌನಿನಿಂದಾಗಿ ಲೋಕಲ್ ರೈಲು ನಿಂತಿತು. ಮೇ 12ರಂದು ಪ್ರಧಾನಿಯವರು ‘ಲೋಕಲ್‌ಗಾಗಿ ವೋಕಲ್’ ಆಗಿ ಎಂದು ದೇಶಕ್ಕೆ ಕರೆಕೊಟ್ಟರು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ ರೈಲು ತೆರೆಯಿತು. ಲೋಕಲ್ ನಿಂತ ಆ ತಿಂಗಳುಗಳಲ್ಲಿ ದಹಿಸರಿನಲ್ಲಿದ್ದವರೆಲ್ಲ ಮೊದಲ ಬಾರಿಗೆ ನಿಜಾರ್ಥದಲ್ಲಿ ಲೋಕಲ್ ಆದರು, ಓಣಿಯ ಅಂಗಡಿಯ ಹಿಟ್ಟು, ಓಣಿಯ ಔಷಧ, ಓಣಿಯ ತರಕಾರಿ. ಕೆಲಸಕ್ಕೆ ಹೋಗಲಾರದ ಕ್ಯಾಂಟೀನಿನ ಕಾರ್ಮಿಕನಿಗೆ ಆ ಲೋಕಲ್‌ತನ ಬೇಕಿರಲಿಲ್ಲ, ಅವನಿಗೆ ಬೇಕಿದ್ದದ್ದು ಇನ್ನೊಂದು ಲೋಕಲ್. ದೇಶದ ಮಟ್ಟದಲ್ಲಿ ಹೆಮ್ಮೆಯ ಮಾತಾದದ್ದು ಅವನ ಮಟ್ಟದಲ್ಲಿ ಕಟ್ಟಿಹಾಕಿದ ಹಗ್ಗವಾಗಿತ್ತು. ಯಾರ ಎದುರು, ಎಲ್ಲಿ ನಿಂತು ಎಂಬುದನ್ನು ಕೇಳದೆ ಲೋಕಲ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಇಂಗ್ಲಿಷ್ ಪದವನ್ನೇ ಬಿಟ್ಟು ‘ಸ್ಥಳೀಯ’ ಎನ್ನಬಾರದೇಕೆ ಎಂದು ಕನ್ನಡಾಭಿಮಾನಿಗಳು ಕೇಳಬಹುದು. ಸ್ಥಳೀಯ ಒಳ್ಳೆಯ ಪದ, ಆಕಾಶವಾಣಿಗೂ ಪತ್ರಿಕೆಗಳಿಗೂ ಬಹುಕಾಲದಿಂದ ಒಗ್ಗಿದ್ದು. ಆದರೆ ‘ಸ್ಥಳೀಯ ಹಿಡಿದು ಚರ್ಚ್‌ಗೇಟಿಗೆ ಹೋದೆ’ ಎಂದು ಯಾರೂ ಹೇಳುವುದಿಲ್ಲ, ‘ಅವನು ಬಹಳ ಸ್ಥಳೀಯ’ ಎಂದು ಯಾರೂ ಬಯ್ಯುವುದಿಲ್ಲ. ಕನ್ನಡ ಈಗಾಗಲೇ ಕೆಲಸ ಹಂಚಿಕೊಂಡಿದೆ: ಗೌರವದ ಮಾತಿಗೆ ಸ್ಥಳೀಯ, ರೈಲಿಗೂ ಬೈಗುಳಕ್ಕೂ ಬೆದರಿಕೆಗೂ ಲೋಕಲ್. ಈ ಹಂಚಿಕೆಯನ್ನು ಹಟದಿಂದ ಅಳಿಸುವ ಬದಲು ದಾಖಲಿಸುವುದು ಮೇಲು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟಗಳಲ್ಲಿ ಮುಗಿದು ದಶಕಗಳೇ ಕಳೆದವು. ಮುಂದೆ ಅದನ್ನು ಪರಿಷ್ಕರಿಸುವವರಲ್ಲಿ ಒಂದು ವಿನಂತಿ. ಲೋಕಲ್ ಎಂಬುದಕ್ಕೆ ‘ಸ್ಥಳೀಯ’ ಎಂದು ಒಂದೇ ಸಾಲು ಬರೆದು ಮುಗಿಸಬೇಡಿ. ರೈಲು ಎಂಬ ಅರ್ಥವನ್ನು ನಾಮಪದವೆಂದು ಬೇರೆಯಾಗಿ, ಮುಂಬಯಿ ಕನ್ನಡದ ಗುರುತಿನೊಂದಿಗೆ ಕೊಡಿ. ಕಳಪೆ ಎಂಬ ಅರ್ಥವನ್ನು ಹೀನಾರ್ಥವೆಂದು ಸೂಚಿಸಿ ಕೊಡಿ. ಅದಕ್ಕೆ ಬೇಕಾದ ಪ್ರಯೋಗಗಳು ದಹಿಸರಿನಿಂದ ಚರ್ಚ್‌ಗೇಟಿನವರೆಗೆ ದಿನವೂ ಕಿವಿಗೆ ಬೀಳುತ್ತವೆ, ಬರೆದುಕೊಳ್ಳುವವರು ಬೇಕಾಗಿದ್ದಾರೆ.